ನಾಲ್ಕು ಕೈಗಳ ದೋಣಿ

"ನಿನ್ನ ಮೊಣಕೈ ಆ ಕಡೆ ಇಟ್ಕೋ!"

"ನೀನೇ ಇಟ್ಕೋ! ಇದು ನನ್ನ ಜಾಗ."

"ನಿನ್ನ ಜಾಗ ಅಲ್ಲಿಗೆ ಮುಗೀತು. ಆ ಕಪ್ಪು ಕೀಯಿಂದ ಈಚೆಗೆ ಎಲ್ಲಾ ನಂದು."

ಒದಿಲ್ ಮತ್ತು ರೆಜೀಸ್ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದರು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಪಿಯಾನೋ. ಬಲಗಡೆ ಕೂತ ರೆಜೀಸನದು ಮೇಲಿನ ಸ್ವರಗಳ ಭಾಗ. ಎಡಗಡೆ ಕೂತ ಒದಿಲಳದು ಕೆಳಗಿನ ಭಾಗ. ಎದುರಿಗೆ ತೆರೆದಿಟ್ಟ ಪುಸ್ತಕದಲ್ಲೂ ಹಾಗೆಯೇ. ಬಲಪುಟ ಅವನಿಗೆ, ಎಡಪುಟ ಇವಳಿಗೆ.

"ಮಕ್ಳೇ," ಎಂದರು ಕಿಟಕಿಯ ಬಳಿ ನಿಂತಿದ್ದ ಪಿಯಾನೋ ಟೀಚರ್ ಮ್ಯಾಡಂ ಆಸ್ತ್ರೂಕ್. "ಜಾಗದ ಜಗಳ ಆಮೇಲೆ ಆಡ್ಕೊಳ್ಳಿ. ಈಗ ಮೊದಲಿಂದ ಶುರು ಮಾಡಿ. ನಿಧಾನಕ್ಕೆ. ಹೊರಟಿರೋದು ದೋಣಿ, ಬಸ್ಸಲ್ಲ."

ಅವರು ನುಡಿಸುತ್ತಿದ್ದದ್ದು ದೋಣಿಯ ಮೇಲಿನ ಒಂದು ಸಂಜೆಯಂತಿದ್ದ ತುಣುಕು. ಬರೆದವನು ಡೆಬ್ಯುಸಿ. "ಇಲ್ಲೇ ಪಕ್ಕದೂರಿನವನು, ಸಾಂ ಜೆರ್ಮೇನಿನ ಪಿಂಗಾಣಿ ಅಂಗಡಿಯವರ ಮಗ," ಎಂದು ಮ್ಯಾಡಂ ಮೊದಲ ದಿನವೇ ಹೇಳಿದ್ದರು. "ಇದನ್ನ ಬರೆದಾಗ ಅವನಿಗೆ ಮೂವತ್ತೂ ತುಂಬಿರ್ಲಿಲ್ಲ. ಹೆಸರೂ ಅಷ್ಟಾಗಿ ಯಾರಿಗೂ ಗೊತ್ತಿರ್ಲಿಲ್ಲ. ಒಬ್ಬರೇ ನುಡಿಸೋಕೆ ಆಗದ ಹಾಗೆ ಬರೆದಿದಾನೆ."

"ಯಾಕೆ ಹಾಗೆ ಬರೆದ?" ಎಂದು ರೆಜೀಸ್ ಕೇಳಿದ್ದ.

"ನುಡಿಸ್ತಾ ಹೋಗಿ. ಅವನೇ ಹೇಳ್ತಾನೆ."

ಎರಡು ತಿಂಗಳಾದರೂ ಅವನು ಏನೂ ಹೇಳಿರಲಿಲ್ಲ.

ರೆಜೀಸ್ ಶುರು ಮಾಡಿದ. ಅವನ ಬೆರಳು ಚುರುಕು. ಮನೆಯಲ್ಲಿ ದೊಡ್ಡ ಪಿಯಾನೋ ಇದೆ. ತಾಯಿ ದಿನಾ ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿಸುತ್ತಾರೆ. ನಾಲ್ಕು ಸಾಲು ಚೆನ್ನಾಗಿಯೇ ಹೋಯಿತು. ಐದನೆಯ ಸಾಲಿಗೆ ಬರುವಷ್ಟರಲ್ಲಿ ಅವನು ಎಂದಿನಂತೆ ಓಡತೊಡಗಿದ. ಅವನನ್ನು ಹಿಡಿದು ನಿಲ್ಲಿಸಲು ಒದಿಲ್ ಗಟ್ಟಿಯಾಗಿ ಒತ್ತಿದಳು. ಅವನು ಇನ್ನೂ ಓಡಿದ. ಅವಳು ಇನ್ನೂ ಬಡಿದಳು. ಆಮೇಲೆ ಯಾರು ಎಲ್ಲಿದ್ದಾರೆಂದು ಯಾರಿಗೂ ತಿಳಿಯದೆ ಇಬ್ಬರೂ ನಿಂತುಬಿಟ್ಟರು.

"ನೋಡಿ ಮ್ಯಾಡಂ, ಇವಳು ಸುತ್ತಿಗೇಲಿ ಹೊಡೆದ ಹಾಗೆ ಹೊಡೀತಾಳೆ!"

"ನೀನು ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತೀಯಲ್ಲ, ಅದಕ್ಕೇ!"

ಅಷ್ಟರಲ್ಲಿ ಯಾರೋ ಕರೆದರೆಂದು ಮ್ಯಾಡಂ ಹೊರಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

ರೆಜೀಸ್ ತಿರುಗಿ ಕೂತು ಹೇಳಿದ: "ಜನ ಕೇಳೋದು ರಾಗಾನ. ರಾಗ ಇರೋದು ನನ್ನ ಹತ್ರ. ನಿಂದೇನು? ಹಿಂದೆ ಗುಡುಗುಡು ಅನ್ನೋ ಮೋಟಾರು. ದೋಣಿಯೋರಿಗೆ ಸರಿಯಾಗಿದೆ ಬಿಡು."

ಒದಿಲಳ ಕಿವಿ ಬಿಸಿಯಾಯಿತು. ದೋಣಿಯೋರು. ಆ ಮಾತನ್ನು ಕೊನ್‌ಫ್ಲಾನ್ ಊರಿನಲ್ಲಿ ಎರಡು ಥರ ಹೇಳುತ್ತಾರೆ. ದಡದ ಮೇಲೆ ದೋಣಿಯವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಒಂದು ಥರ. ಬೆಟ್ಟದ ಮೇಲೆ ಮನೆ ಇರುವವರು ಹೇಳುವುದು ಇನ್ನೊಂದು ಥರ.

ಅವಳು ಎದ್ದು ನಿಂತಳು. "ಹಾಗಾದ್ರೆ ನೀನೊಬ್ನೇ ನುಡಿಸ್ಕೋ. ಭಾನುವಾರದ ಕಾರ್ಯಕ್ರಮಕ್ಕೆ ನಾನು ಬರಲ್ಲ."

"ಏಯ್, ಪುಸ್ತಕ..."

ಒದಿಲ್ ತಿರುಗಿ ನೋಡಲಿಲ್ಲ. ಕೋಟನ್ನೂ ಹಾಕಿಕೊಳ್ಳದೆ, ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದಳು.

ದೋಣಿಯವರ ಮಕ್ಕಳಿಗೆಂದೇ ಇದ್ದ ಹಾಸ್ಟೆಲಿನಲ್ಲಿ ಒದಿಲ್ ಇದ್ದಳು. ಅಪ್ಪ ಅಮ್ಮ, ಮೂರು ವರ್ಷದ ತಮ್ಮ ಲುಡೊ, ಮೂವರೂ 'ಬೆರ್ತಾ'ದ ಮೇಲೆ. ಬೆರ್ತಾ ಅಂದರೆ ಅವರ ಸರಕು ದೋಣಿ, ಅದೇ ಅವರ ಮನೆ. ಉತ್ತರದ ಕಾಲುವೆಗಳಲ್ಲಿ ಗೋಧಿಯನ್ನೋ ಮರಳನ್ನೋ ಕಲ್ಲಿದ್ದಲನ್ನೋ ತುಂಬಿಕೊಂಡು ತಿಂಗಳುಗಟ್ಟಲೆ ತಿರುಗುತ್ತದೆ. ಕೊನ್‌ಫ್ಲಾನಿಗೆ ಬಂದಾಗ ಮಾತ್ರ ಒದಿಲ್ ಮನೆಗೆ ಹೋಗುವುದು. ಈ ಸಲ ಆರು ವಾರವಾಗಿತ್ತು.

ಮೂರು ವರ್ಷದಿಂದ ಅವಳು ಪಿಯಾನೋ ಕಲಿಯುತ್ತಿದ್ದಾಳೆ. ಅಪ್ಪ ಅಮ್ಮ ಒಂದು ಸಲವೂ ಕೇಳಿಲ್ಲ. ಸಂಗೀತ ಶಾಲೆಯ ಕಾರ್ಯಕ್ರಮವಿದ್ದ ದಿನ ಬೆರ್ತಾ ಎಲ್ಲೋ ಬೆಲ್ಜಿಯಂನಲ್ಲಿರುತ್ತಿತ್ತು. ಈ ಸಲ ಅಪ್ಪ ಯಾವುದೋ ಕಾಲುವೆಯ ನೀರುಗೇಟಿನ ಆಫೀಸಿನಿಂದ ಹಾಸ್ಟೆಲಿಗೆ ಫೋನ್ ಮಾಡಿದ್ದ. "ಶನಿವಾರ ಮಧ್ಯಾಹ್ನ ಬರ್ತೀವಿ ಮಗಳೇ. ಭಾನುವಾರ ನಿನ್ನ ಪಿಯಾನೋ ಕೇಳೇ ಕೇಳ್ತೀವಿ. ನಿಮ್ಮಮ್ಮ ನನ್ನ ಬಿಳಿ ಶರ್ಟು ಇಸ್ತ್ರಿ ಮಾಡ್ತಿದಾಳೆ, ಕೇಳಿಸ್ತಾ?"

ಫೋನಿನಲ್ಲಿ ಇಸ್ತ್ರಿ ಕೇಳಿಸುತ್ತದೆಯೇ! ಅಪ್ಪ ಇರುವುದೇ ಹಾಗೆ.

ರಾಗ ತನ್ನ ಹತ್ತಿರ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಆ ರಾತ್ರಿ ಒದಿಲಳಿಗೆ ಅನ್ನಿಸಿತು. ಅಪ್ಪ ಮೂರು ವರ್ಷ ಕಾದು ಬರುತ್ತಾನೆ. ಬಂದು ಕೇಳುವುದು ಔಷಧಿ ಅಂಗಡಿಯವರ ಮಗ ರೆಜೀಸನ ರಾಗವನ್ನು.

ಹಾಳಾಗಿ ಹೋಗಲಿ. ಈಗ ಅದೂ ಇಲ್ಲ.

ಶನಿವಾರ ಎರಡು ಗಂಟೆಗೆ ಬೆರ್ತಾ ವಾಜ್ ನದಿಯಿಂದ ಹೊರಳಿ ಸೀನ್ ನದಿಗೆ ಬಂತು. ಮೈತುಂಬ ಗೋಧಿ. ನೀರು ದೋಣಿಯ ಅಂಚಿಗಿಂತ ಒಂದು ಗೇಣು ಮಾತ್ರ ಕೆಳಗಿತ್ತು. ಒದಿಲ್ ದಡದುದ್ದಕ್ಕೂ ಓಡಿದಳು. ಹಗ್ಗ ಕಟ್ಟುವ ಮೊದಲೇ ಹಾರಿ ಒಳಗಿಳಿದಳು.

"ಏ ಕೋತಿ! ಕಾಲು ಮುರ್ಕೋತೀಯ!" ಎಂದು ಅಮ್ಮ ಬೈಯುತ್ತಲೇ ಅಪ್ಪಿಕೊಂಡಳು. ಅವಳ ಏಪ್ರನ್ನಿನಿಂದ ಈರುಳ್ಳಿ ಸಾರಿನ ವಾಸನೆ ಬರುತ್ತಿತ್ತು. ನೀರಿಗೆ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡಿದ್ದ ಲುಡೊ, ಹಗ್ಗ ಬಿಟ್ಟಷ್ಟು ದೂರ ಓಡಿ ಬಂದು ಅಕ್ಕನ ಕಾಲು ಹಿಡಿದುಕೊಂಡ.

ಕ್ಯಾಬಿನ್ನಿನ ಬಾಗಿಲ ಹಿಂದೆ ಬಿಳಿ ಶರ್ಟು ನೇತಾಡುತ್ತಿತ್ತು. ಒಂದು ಸುಕ್ಕೂ ಇರಲಿಲ್ಲ. ಒದಿಲ್ ಅದನ್ನು ನೋಡಿ ಬೇರೆ ಕಡೆ ತಿರುಗಿದಳು. ಹೇಳಬೇಕು. ಸಾರು ಕುಡಿದಾದ ಮೇಲೆ ಹೇಳುತ್ತೇನೆ ಅಂದುಕೊಂಡಳು. ಸಾರು ಮುಗಿಯಿತು. ಮೇಲೆಲ್ಲ ಚೌಕಚೌಕ ಗುಳಿ ಬೀಳುವಂತೆ ಸುಟ್ಟ ಸಿಹಿ ರೊಟ್ಟಿ ಬಂತು. ಅದೂ ಮುಗಿಯಿತು.

"ಅಪ್ಪಾ..." ಎಂದಳು.

"ಒದಿಲ್!" ಎಂದು ಹೊರಗಿನಿಂದ ಯಾರೋ ಕೂಗಿದರು.

ದಡದ ಮೇಲೆ ರೆಜೀಸ್ ನಿಂತಿದ್ದ. ತಲೆಗೂದಲು ಬಾಚಿತ್ತು, ಬೂಟು ಹೊಳೆಯುತ್ತಿತ್ತು. ಎದೆಗೆ ಆ ಪುಸ್ತಕವನ್ನು ಅವುಚಿಕೊಂಡಿದ್ದ. ಒಂದು ಹೆಜ್ಜೆ ಮುಂದಿಟ್ಟು, ದೋಣಿಗೂ ದಡಕ್ಕೂ ನಡುವಿನ ಕಪ್ಪು ನೀರನ್ನು ನೋಡಿ, ಎರಡು ಹೆಜ್ಜೆ ಹಿಂದಿಟ್ಟ.

"ಮ್ಯಾಡಂ ಕಳಿಸಿದ್ರು," ಎಂದ. "ಪುಸ್ತಕ ಕೊಟ್ಟು ಬಾ ಅಂದ್ರು."

"ಅಲ್ಲೇ ಇಡು."

"ಏನೇ ಅದು, ಮನೆಗೆ ಬಂದವರನ್ನ ಹೀಗಾ ಮಾತಾಡ್ಸೋದು?" ಅಪ್ಪ ಹಿಂದೆ ಬಂದು ನಿಂತಿದ್ದ. "ಬಾ ಮರಿ, ಮೇಲೆ ಬಾ. ನೀನೇನಾ ಇವಳ ಜೊತೆ ನುಡಿಸೋನು?"

"ಹೌದು ಸರ್."

ಅಪ್ಪ ಹಿಂದೆ ತಿರುಗಿ ನೋಡಿದ. "ಸರ್ ಯಾರಪ್ಪಾ? ಇಲ್ಲಿ ನಾನೊಬ್ನೇ ಇರೋದು."

ರೆಜೀಸನಿಗೆ ನಗು ಬಂದೂ ಬಾರದ ಹಾಗಾಯಿತು. ಅಪ್ಪ ಕೈ ಚಾಚಿ ಅವನನ್ನು ಒಂದೇ ಎಳೆತಕ್ಕೆ ಒಳಗೆ ತಂದು ನಿಲ್ಲಿಸಿದ.

"ಈಗ ಈ ಜಾಗ ಬೇರೆ ದೋಣಿಗೆ ಬಿಡ್ಬೇಕು. ನಾವು ಸೇತುವೆ ಆಚೆ ಹೋಗಿ ಕಟ್ತೀವಿ. ಅರ್ಧ ಗಂಟೆ. ಬರ್ತೀಯಾ? ದೋಣಿ ಹತ್ತಿದೀಯಾ ಮುಂಚೆ?"

"ಇಲ್ಲ."

"ಯಾವತ್ತೂ?" ಒದಿಲಳ ಬಾಯಿಂದ ಮಾತು ಜಾರಿತು. ಕೊನ್‌ಫ್ಲಾನಿನಲ್ಲಿ ಹುಟ್ಟಿ, ಕಿಟಕಿ ತೆರೆದರೆ ನದಿ ಕಾಣುವ ಮನೆಯಲ್ಲಿ ಬೆಳೆದು, ದೋಣಿ ಹತ್ತಿಲ್ಲವಂತೆ!

"ಅಮ್ಮ ಬಿಡಲ್ಲ," ಎಂದ ರೆಜೀಸ್, ಬೂಟು ನೋಡುತ್ತಾ. "ಈಗಲೂ ಅವರಿಗೆ ಗೊತ್ತಿಲ್ಲ."

ಒದಿಲಳ ಅಮ್ಮ ಅವನಿಗೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ತೊಡಿಸಿದಳು. ಅವನ ಅಮ್ಮನಿಗೆ ಫೋನ್ ಮಾಡಿ ತಿಳಿಸುವುದು ಹೇಗೆ ಎಂದು ಯೋಚಿಸಿದಳು. ದಡದ ಕಾಫಿ ಅಂಗಡಿಯವನಿಗೆ ಕೂಗಿ ಹೇಳಿ ಅವರ ಔಷಧಿ ಅಂಗಡಿಗೆ ಫೋನ್ ಮಾಡಿಸಿದಳು. ಕಾಫಿ ಅಂಗಡಿಯವನು ಬಾಗಿಲಿಗೆ ಬಂದು ಕೈಯಾಡಿಸಿ ಕೂಗಿದ: "ಆಯ್ತಂತೆ! ಅವರಪ್ಪ ಸಿಕ್ಕಿದ್ರು, ಹೋಗ್ಲಿ ಬಿಡಿ ಅಂದ್ರು!"

ಎಂಜಿನ್ ಶುರುವಾಯಿತು. ಹಿಂಭಾಗದ ಹಲಗೆಗಳೆಲ್ಲ ನಡುಗಿದವು. ಬಟ್ಟಲುಗಳು ಕಟಕಟ ಎಂದವು. ಡಗ ಡಗ ಡಗ ಡಗ.

"ಇಷ್ಟು ಸದ್ದಾ!" ಎಂದು ರೆಜೀಸ್ ಕಿರುಚಿದ.

"ಮೋಟಾರು ಅಂದ್ರೆ ಹೀಗೇ ಇರುತ್ತೆ!" ಎಂದು ಒದಿಲ್ ಕಿರುಚಿದಳು. ಬುಧವಾರ ಪಿಯಾನೋ ಮುಂದೆ ಆಡಿದ ಮಾತು ಇಬ್ಬರಿಗೂ ನೆನಪಾಯಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

"ಮುಂದಕ್ಕೆ ಕರ್ಕೊಂಡು ಹೋಗೇ," ಎಂದ ಅಪ್ಪ ಚುಕ್ಕಾಣಿ ಚಕ್ರದ ಹಿಂದಿನಿಂದ. "ಕಂಬಿ ಹಿಡ್ಕೊಂಡು ಹೋಗಿ."

ಬೆರ್ತಾದ ಒಂದು ತುದಿಯಿಂದ ಇನ್ನೊಂದು ತುದಿಗೆ ಮೂವತ್ತೆಂಟು ಮೀಟರ್. ಒದಿಲ್ ಮುಂದೆ ನಡೆದಳು, ಪಕ್ಕದ ಕಿರಿದಾದ ಅಂಚಿನ ಮೇಲೆ. ರೆಜೀಸ್ ಒಂದೊಂದೇ ಹೆಜ್ಜೆ ಇಟ್ಟು ಹಿಂದೆ ಬಂದ. ಗೋಧಿಯ ಮೇಲಿನ ಮುಚ್ಚಳಗಳು ಒಂದಾದ ಮೇಲೊಂದು ದಾಟಿದವು. ಹೆಜ್ಜೆ ಹೆಜ್ಜೆಗೂ ಎಂಜಿನ್ನಿನ ಸದ್ದು ಚಿಕ್ಕದಾಯಿತು. ಅರ್ಧ ದಾರಿಯಲ್ಲಿ ಅದು ಯಾರೋ ದೂರದಲ್ಲಿ ಬಟ್ಟೆ ಒಗೆದಂತೆ ಕೇಳುತ್ತಿತ್ತು. ದೋಣಿಯ ಮುಂತುದಿಗೆ, ಮೂತಿಯ ಹತ್ತಿರ ಬಂದಾಗ ಇಲ್ಲವೇ ಇಲ್ಲ.

ರೆಜೀಸ್ ಕಂಬಿ ಹಿಡಿದು ಸುತ್ತ ನೋಡಿದ.

"ನಿಂತುಬಿಟ್ಟಿದೀವಾ?" ಎಂದು ಪಿಸುಗುಟ್ಟಿದ.

"ಆ ಮರ ನೋಡು."

ಮರ ಹಿಂದೆ ಸರಿಯುತ್ತಿತ್ತು. ಅದರ ಹಿಂದಿನ ಇಗರ್ಜಿಯ ಗೋಪುರ ಹಿಂದೆ ಸರಿಯುತ್ತಿತ್ತು. ಬೆಟ್ಟದ ಮೇಲಿನ ಮನೆಗಳು ಸಾಲಾಗಿ ಹಿಂದೆ ಸರಿಯುತ್ತಿದ್ದವು. ಕಾಲ ಕೆಳಗೆ ಏನೂ ಅಲುಗುತ್ತಿರಲಿಲ್ಲ. ಮೂತಿ ನೀರನ್ನು ಸೀಳುತ್ತಿರಲಿಲ್ಲ. ನೀರೇ ಎರಡು ಕಡೆಗೆ ಮಡಿಸಿಕೊಂಡು ದಾರಿ ಬಿಡುತ್ತಿತ್ತು, ರೇಷ್ಮೆ ಬಟ್ಟೆ ಮಡಿಸಿದ ಹಾಗೆ, ಒಂದಿಷ್ಟು ಸರ್ ಎಂಬ ಸದ್ದು ಮಾತ್ರ.

"ಎಷ್ಟು ಭಾರ ಇದೆ ಇದು?"

"ಗೋಧೀನೇ ಇನ್ನೂರೆಂಬತ್ತು ಟನ್."

"ಇನ್ನೂರೆಂಬತ್ತು..." ಅವನು ಬಗ್ಗಿ ನೀರು ನೋಡಿದ. ಮತ್ತೆ ಹಿಂದೆ, ಉದ್ದಕ್ಕೆ, ದೂರದಲ್ಲಿ ಬೆರಳಷ್ಟು ಕಾಣುತ್ತಿದ್ದ ಅಪ್ಪನನ್ನು ನೋಡಿದ. "ಅಷ್ಟೂ ಹೋಗ್ತಾ ಇದೆ. ಸದ್ದೇ ಇಲ್ಲ."

ಒದಿಲ್ ಹುಟ್ಟಿದ್ದೇ ಈ ದೋಣಿಯಲ್ಲಿ. ಮೂತಿ ಅಂದರೆ ಅವಳಿಗೆ ಹಗ್ಗ ಸುತ್ತುವ ಜಾಗ, ತುಕ್ಕು ಕೆರೆಯುವ ಜಾಗ. ಚಳಿಗಾಲದಲ್ಲಿ ಮೂಗು ಕೊರೆಯುವ ಜಾಗ. ಇವತ್ತು ಅವಳೂ ಸುಮ್ಮನೆ ನಿಂತು ಕಿವಿಗೊಟ್ಟಳು. ಇಷ್ಟು ದೊಡ್ಡದು ಇಷ್ಟು ಮೆಲ್ಲಗೆ ಹೋಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವುದಕ್ಕೆ ಅವಳು ಯಾರನ್ನೂ ಇಲ್ಲಿಗೆ ಕರೆದುಕೊಂಡೂ ಬಂದಿರಲಿಲ್ಲ.

ಸೇತುವೆ ಬಂತು. ಅದರ ನೆರಳು ಮೂತಿಯ ಮೇಲೆ ಬಿತ್ತು, ಇಬ್ಬರ ಮೇಲೂ ಹರಿಯಿತು, ಹಿಂದೆ ಹೋಯಿತು. ಮತ್ತೆ ಬಿಸಿಲು.

"ಅದೇನು?" ರೆಜೀಸ್ ಕೇಳಿದ.

ಹಗ್ಗದ ಸುರುಳಿಯ ಪಕ್ಕ ಒಂದು ಹಲಗೆ ಒರಗಿಸಿತ್ತು. ಹಳೆಯ ಮುಚ್ಚಳದ ಹಲಗೆ. ದೋಣಿಗೆ ಹೆಸರು ಬರೆದು ಉಳಿದ ಬಿಳಿ ಬಣ್ಣದಿಂದ ಅಪ್ಪ ಅದರ ಮೇಲೆ ಬಿಳಿ ಕೀಗಳನ್ನು ಬಳಿದಿದ್ದ. ಕಪ್ಪು ಕೀಗಳಿಗೆ ಟಾರು. ರಜೆಯಲ್ಲಿ ಒದಿಲ್ ಅಭ್ಯಾಸ ಮಾಡುತ್ತಿದ್ದದ್ದು ಅದರ ಮೇಲೆ. ಅವಳು ಅದಕ್ಕೆ ಅಡ್ಡ ನಿಂತಳು. ತಡವಾಗಿತ್ತು.

"ನನ್ನ ಪಿಯಾನೋ," ಎಂದಳು ಸೆಟೆದುಕೊಂಡು. ನಗಲಿ ನೋಡೋಣ.

ಅವನು ನಗಲಿಲ್ಲ. "ನುಡಿಯತ್ತಾ?"

"ಹಲಗೆ ಹೇಗೋ ನುಡಿಯತ್ತೆ, ಪೆದ್ದ!"

"ಮತ್ತೆ ನೀನು... ಸದ್ದಿಲ್ದೇನೇ ಕಲಿತ್ಯಾ? ಆ ಕೆಳಗಿನ ಭಾಗ ಎಲ್ಲಾನೂ?"

"ಅರ್ಧ ಇದರ ಮೇಲೆ. ಅರ್ಧ ಹಾಸ್ಟೆಲಲ್ಲಿ. ಅಲ್ಲಿ ಎರಡು ಕೀ ಸತ್ತುಹೋಗಿವೆ."

ರೆಜೀಸ್ ಹಲಗೆಯನ್ನು ಬಗ್ಗಿ ನೋಡಿದ. ಒಂದು ಕೀ ಒತ್ತಿದ. ಇನ್ನೊಂದು ಒತ್ತಿದ. ಆಮೇಲೆ, ಬೇರೆ ಯಾರಿಗೋ ಹೇಳುವವನ ಹಾಗೆ ನದಿ ನೋಡುತ್ತಾ ಹೇಳಿದ: "ನಿಧಾನಕ್ಕೆ ನುಡಿಸಿದ್ರೆ ನನ್ನ ಕೈ ನಡುಗೋದು ಕಾಣ್ಸುತ್ತೆ. ಅದಕ್ಕೇ ಓಡೋದು."

ಒದಿಲ್ ಅವನ ಕೈ ನೋಡಿದಳು. ಈಗಲೂ ಸ್ವಲ್ಪ ನಡುಗುತ್ತಿತ್ತು.

"ಅಮ್ಮ ಮುಂದಿನ ಸಾಲಲ್ಲಿ ಕೂತು ಕಣ್ಣು ಮುಚ್ಕೋತಾರೆ," ಎಂದ ಅವನು. "ತಪ್ಪಾದ್ರೆ ತೆರೀತಾರೆ. ಅಷ್ಟೇ. ಬೈಯಲ್ಲ. ಕಣ್ಣು ತೆರೀತಾರೆ."

ಒದಿಲ್ ಹಗ್ಗದ ಸುರುಳಿಯನ್ನು ಕಾಲಿನಿಂದ ಸರಿಸಿದಳು. ಹಲಗೆಯನ್ನು ಮುಚ್ಚಳದ ಮೇಲೆ ಮಲಗಿಸಿ, ಅದರ ಎದುರು ಮಂಡಿಯೂರಿ ಕೂತಳು.

"ಬಾ."

"ಇಲ್ಲೇನಾ? ಇದು ಇಬ್ಬರಿಗೆ ಸಾಲಲ್ಲ."

"ಮೇಲಿನ ಸ್ವರ ಹಲಗೆ ದಾಟಿದ್ರೆ ಮುಚ್ಚಳದ ಮೇಲೆ ನುಡಿಸ್ಕೋ."

ಅವನು ಕೂತ. ಪುಸ್ತಕ ತೆರೆದು ಅದರ ಮೂಲೆಗಳ ಮೇಲೆ ಎರಡು ಕಬ್ಬಿಣದ ಕೊಂಡಿ ಇಟ್ಟರು. ಕೈಗಳನ್ನು ಎತ್ತಿ ಹಿಡಿದರು.

ಹಿಡಿದೇ ಇದ್ದರು.

"ಶುರು ಯಾವಾಗ ಅಂತ ಹೇಗೆ ಗೊತ್ತಾಗೋದು?" ಎಂದ ರೆಜೀಸ್. "ಒಂದು ಎರಡು ಮೂರು ಅನ್ಲಾ?"

"ಭಾನುವಾರ ಅನ್ನೋಕಾಗುತ್ತಾ?"

ಸದ್ದೇ ಇಲ್ಲದ ಪಿಯಾನೋದಲ್ಲಿ ಇನ್ನೊಬ್ಬರು ಎಲ್ಲಿದ್ದಾರೆಂದು ಕೇಳಿ ತಿಳಿಯುವಂತಿಲ್ಲ. ಒದಿಲ್ ಓರೆಗಣ್ಣಿನಿಂದ ಅವನನ್ನು ನೋಡಿದಳು. ಅವನ ಭುಜ ಸ್ವಲ್ಪ ಮೇಲೇರಿತು. ಅವನು ಉಸಿರು ಎಳೆದುಕೊಳ್ಳುತ್ತಿದ್ದ. ಅವಳೂ ಎಳೆದುಕೊಂಡಳು. ಉಸಿರು ಬಿಡುತ್ತಲೇ ನಾಲ್ಕು ಕೈಗಳೂ ಒಟ್ಟಿಗೆ ಇಳಿದವು.

ಮೊದಲ ಸಲ ಮೂರನೇ ಸಾಲಿಗೇ ಎಡವಿದರು. ಎರಡನೇ ಸಲ ರೆಜೀಸ್ ಮುಚ್ಚಳದ ಮೇಲೆ ನುಡಿಸುತ್ತಾ ಮೊಳೆಗೆ ಬೆರಳು ತಾಗಿಸಿಕೊಂಡು "ಅಯ್ಯೋ!" ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೇ ಸಲ ಅವನು ಓಡಲು ಹೊರಟ. ಒದಿಲ್ ಬಡಿಯಲಿಲ್ಲ. ಹಲಗೆಯನ್ನು ಬಡಿದು ಏನು ಪ್ರಯೋಜನ? ಸುಮ್ಮನೆ ತನ್ನ ಲಯದಲ್ಲಿ ಬೆರಳಾಡಿಸುತ್ತಾ ಅವನ ಕಡೆ ವಾಲಿದಳು. ಅವನು ಅವಳ ಕೈ ನೋಡಿದ. ಒಂದು ಉಸಿರಿನಷ್ಟು ಕಾದ. ಬಂದು ಸೇರಿಕೊಂಡ.

ಬೆರ್ತಾ ಹೋಗುತ್ತಲೇ ಇತ್ತು. ಸರ್ ಎಂದು ನೀರು. ಅದರ ಮೇಲೆ ಇಬ್ಬರ ಉಸಿರು, ಹಲಗೆಗೆ ಬೆರಳು ತಾಗುವ ಚಿಟಿಚಿಟಿ. ಅಷ್ಟೇ ಸದ್ದು. ಆದರೆ ಒದಿಲಳ ತಲೆಯೊಳಗೆ ಇಡೀ ತುಣುಕು ಕೇಳುತ್ತಿತ್ತು. ತನ್ನದು ಮಾತ್ರವಲ್ಲ, ಅವನದೂ. ಅವನ ಭಾಗ ತನಗೆ ಇಷ್ಟು ಚೆನ್ನಾಗಿ ಬಾಯಿಪಾಠವಾಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಕೊನೆಯ ಸ್ವರದ ಮೇಲೆ ಬೆರಳಿಟ್ಟು ಇಬ್ಬರೂ ಹಾಗೇ ಕೂತರು. ಮೂತಿ ಮೆಲ್ಲಗೆ ದಡದ ಕಡೆ ಹೊರಳಿತು.

"ನಿಂಗೆ ಕೇಳಿಸ್ತಾ?" ಎಂದ ರೆಜೀಸ್.

"ಹ್ಞೂಂ."

ಭಾನುವಾರ ಮಧ್ಯಾಹ್ನ ಸಂಗೀತ ಶಾಲೆಯ ಹಾಲ್ ಹೆಚ್ಚುಕಡಿಮೆ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಟೋಪಿ, ಕೈಗವಸು, ಸೆಂಟಿನ ವಾಸನೆ. ಹಿಂದೆ, ಗೋಡೆಗೆ ಒತ್ತಿಕೊಂಡು, ಬಿಳಿ ಶರ್ಟಿನ ಅಪ್ಪ. ಅವನ ಹೆಗಲ ಮೇಲೆ ಲುಡೊ. ಪಕ್ಕದಲ್ಲಿ ಅಮ್ಮ. ಕೆಲವು ಕುರ್ಚಿಗಳು ಖಾಲಿ ಇದ್ದರೂ ಅವರು ಮುಂದೆ ಬಂದು ಕೂರಲಿಲ್ಲ.

ಒಳಗಿನ ಕೋಣೆಯಲ್ಲಿ ಮ್ಯಾಡಂ ಆಸ್ತ್ರೂಕ್ ಇಬ್ಬರನ್ನೂ ಒಟ್ಟಿಗೆ ನೋಡಿ ಹತ್ತಿರ ಬಂದರು. "ಬಂದ್ರಾ! ನಾನು ನಾಲ್ಕು ದಿನದಿಂದ ನಿದ್ದೆ ಮಾಡಿಲ್ಲ ಕಣ್ರೋ. ಪುಸ್ತಕ ಬೇರೆ ಎಲ್ಲಿ ಹುಡುಕಿದ್ರೂ ಸಿಗ್ಲಿಲ್ಲ. ಎಲ್ಲಿತ್ತು?"

ಒದಿಲ್ ರೆಜೀಸನ ಕಡೆ ನೋಡಿದಳು. ರೆಜೀಸ್ ಚಾವಣಿ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

"ನನ್ನ ಹತ್ರಾನೇ ಇತ್ತು ಮ್ಯಾಡಂ," ಎಂದಳು ಒದಿಲ್.

ಅವರ ಹೆಸರು ಕೂಗಿದರು.

ವೇದಿಕೆಯ ಮೇಲೆ ಪಿಯಾನೋ ಕಪ್ಪಗೆ ಹೊಳೆಯುತ್ತಿತ್ತು. ಕೂತರು. ಸ್ವರವನ್ನು ಕಾಲಿನಿಂದ ಹಿಡಿದಿಡುವ ಪೆಡಲ್ ಕೆಳಗಿನ ಭಾಗದವರ ಕೆಲಸ. ಒದಿಲ್ ಪಾದವನ್ನು ಅದರ ಮೇಲಿಟ್ಟಳು. ಮುಂದಿನ ಸಾಲಿನಲ್ಲಿ ನೀಲಿ ಟೋಪಿಯ ಹೆಂಗಸು ಕಣ್ಣು ಮುಚ್ಚಿಕೊಂಡರು. ರೆಜೀಸನ ಕೈ ನಡುಗುತ್ತಿತ್ತು. ಅವನು ಅದನ್ನು ಬಚ್ಚಿಡಲಿಲ್ಲ. ಹಾಗೇ ಎತ್ತಿ ಹಿಡಿದ.

ಭುಜ ಮೇಲೇರಿತು. ಉಸಿರು.

ದೋಣಿ ಹೊರಟಿತು.

ಯಾರೂ ತಳ್ಳದೆ ಹೊರಟಿತು. ಅವಳ ಬೆರಳುಗಳು ಮೇಲೆ ಹತ್ತಿ ಕೆಳಗಿಳಿದು ಮತ್ತೆ ಹತ್ತುತ್ತಿದ್ದವು. ಅದರ ಮೇಲೆ ಅವನ ರಾಗ ಎಲ್ಲೂ ಕಾಲೂರದೆ ಸಾಗುತ್ತಿತ್ತು. ಅವಳು ಪೆಡಲನ್ನು ಬಿಟ್ಟು ಹಿಡಿದರೆ ಬೆಳಕು ಬದಲಾಗುತ್ತಿತ್ತು. ಅವನು ಒಂದು ಸ್ವರದ ಮೇಲೆ ತುಸು ತಡೆದರೆ ಅವಳ ಕೈ ತಾನೇ ತಡೆಯುತ್ತಿತ್ತು. ನಡುವೆ ಗಾಳಿ ಎದ್ದಂತೆ ಲಯ ಜೋರಾಗುವ ಭಾಗ ಬಂತು. ಅಲ್ಲೂ ಅವನು ಓಡಲಿಲ್ಲ. ಇಬ್ಬರೂ ಒಟ್ಟಿಗೆ ಜೋರಾದರು. ಒಟ್ಟಿಗೆ ಇಳಿದರು. ಮೊದಲಿನ ರಾಗ ಮತ್ತೆ ಮರಳಿದಾಗ ಅದು ಇನ್ನೂ ಮೆದುವಾಗಿ, ದೂರದ ನೀರಿನ ಮೇಲಿಂದ ಬಂದಂತೆ ಬಂತು. ಇದು ನಾವು ಮಾಡುತ್ತಿರುವುದಲ್ಲ, ಎಂದು ಒದಿಲಳಿಗೆ ಅನ್ನಿಸಿತು. ನೂರು ವರ್ಷದ ಹತ್ತಿರ ಹಿಂದೆ, ಪಕ್ಕದೂರಿನಲ್ಲಿ ಹುಟ್ಟಿದ ಒಬ್ಬನು ಎರಡು ಪುಟಗಳ ಮೇಲೆ ಇದನ್ನು ಅರ್ಧ ಅರ್ಧ ಮಾಡಿ ಇಟ್ಟು ಹೋಗಿದ್ದಾನೆ. ಇಷ್ಟು ದಿನ ಅದು ಹಾಗೇ ಇತ್ತು. ಈಗ ಕೇಳುತ್ತಿದೆ.

ಕೊನೆಯ ಸ್ವರ. ಅವಳು ಪೆಡಲನ್ನು ಬಿಡಲಿಲ್ಲ. ಸ್ವರ ತಾನೇ ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಎಲ್ಲಿ ಮುಗಿಯಿತೆಂದು ಗೊತ್ತಾಗದ ಹಾಗೆ ಮುಗಿಯಿತು.

ಹಾಲಿನಲ್ಲಿ ಯಾರೂ ಕದಲಲಿಲ್ಲ. ನೀಲಿ ಟೋಪಿಯ ಹೆಂಗಸಿನ ಕಣ್ಣು ಇನ್ನೂ ಮುಚ್ಚಿಯೇ ಇತ್ತು, ರೆಪ್ಪೆ ಒದ್ದೆಯಾಗಿತ್ತು.

"ಮುಗೀತಾ?" ಎಂದು ಹಿಂದಿನಿಂದ ಲುಡೊ ಗಟ್ಟಿಯಾಗಿ ಕೇಳಿದ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು.

ಆಮೇಲೆ ಅಂಗಳದಲ್ಲಿ ಮೇಜಿನ ಮೇಲೆ ಕೇಕು, ಸೇಬಿನ ರಸ. ರೆಜೀಸ್ ಕೇಕಿನ ತುಂಡು ಹಿಡಿದು ತಾಯಿಯ ಪಕ್ಕ ನಿಂತಿದ್ದ. ತಾಯಿ ಏನೋ ಹೇಳುತ್ತಿದ್ದರು. ಅವನು ತಲೆಯಾಡಿಸುತ್ತಾ ಮತ್ತೊಂದು ತುಂಡಿಗೆ ಕೈ ಚಾಚುತ್ತಿದ್ದ.

ಅಮ್ಮ ಒದಿಲಳ ತಲೆ ಸವರಿ, ಲುಡೊನನ್ನು ಎತ್ತಿಕೊಂಡು ಹೋಗಿ ಅವನಿಗೆ ರಸ ಕುಡಿಸಿದಳು. ಅಪ್ಪ ಕ್ಯಾಪನ್ನು ಎರಡೂ ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ. ಅವನ ಕಣ್ಣು ಇನ್ನೂ ಎಲ್ಲೋ ಇತ್ತು.

"ನಂಗೆ ಒಂದು ಹೇಳು," ಎಂದ. "ನಂಗೆ ಸಂಗೀತ ಗೊತ್ತಾಗಲ್ಲ, ನಗ್ಬೇಡ. ಅದರಲ್ಲಿ ನಿಂದು ಯಾವುದು?"

ಇದೊಂದು ಪ್ರಶ್ನೆಗೆ ಒದಿಲ್ ಎಷ್ಟು ದಿನದಿಂದ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು! ಕೆಳಗಡೆ ಉರುಳುತ್ತಿತ್ತಲ್ಲ ಅಪ್ಪಾ, ಅದು ನಂದು. ಅದನ್ನು ಯಾರೂ ಗಮನಿಸುವುದಿಲ್ಲ, ಆದರೆ ಅದಿಲ್ಲದೆ ಆಗುವುದಿಲ್ಲ. ಪೆಡಲ್ ಕೂಡ ನಂದು.

"ನಂದು..." ಎಂದು ಶುರು ಮಾಡಿದಳು. "ಇರು, ಹಾಡಿ ತೋರಿಸ್ತೀನಿ."

ಕಣ್ಣು ಮುಚ್ಚಿ ಮೆಲ್ಲಗೆ ಗುನುಗಿದಳು. ಗಂಟಲಿನಿಂದ ಬಂದದ್ದು ಕೆಳಗಿನ ಭಾಗವೇ. ಎರಡು ಸ್ವರ ದಾಟುವುದರೊಳಗೆ ಅದು ಮೇಲಿನದಕ್ಕೆ ಹೊರಳಿತು. ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಹಿಡಿದಳು. ಮತ್ತೆ ಅದೇ ಆಯಿತು. ತನ್ನದನ್ನು ಮಾತ್ರ ಬಿಡಿಸಿಕೊಳ್ಳೋಣವೆಂದರೆ ಎಳೆ ಸಿಗುತ್ತಿಲ್ಲ. ಅವನದು ಬಂದುಬಿಡುತ್ತದೆ. ಅವನದನ್ನು ಹಿಡಿದರೆ ತನ್ನದು ಅದರ ಕೆಳಗೆ ಬಂದು ನಿಲ್ಲುತ್ತದೆ.

"ಹಾ, ಅದೇ!" ಅಪ್ಪನ ಮುಖ ಅರಳಿತು. "ಅದೇ ಕಣೇ! ಅದು ನಿಂದಾ?"

ಒದಿಲ್ ಕಣ್ಣು ತೆರೆದಳು. ಅಂಗಳದ ಆಚೆ ರೆಜೀಸ್ ಬಾಯಿತುಂಬ ಕೇಕು ತುಂಬಿಕೊಂಡು ಇವಳ ಕಡೆಯೇ ನೋಡುತ್ತಿದ್ದ. ಅವನ ಬೆರಳುಗಳು ಮೇಜಿನ ಅಂಚಿನ ಮೇಲೆ, ಅವನಿಗೇ ಗೊತ್ತಿಲ್ಲದಂತೆ, ಆಡುತ್ತಿದ್ದವು. ಅವಳು ಆ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದಳು. ಅವು ಆಡುತ್ತಿದ್ದದ್ದು ಮೇಲಿನ ಭಾಗವನ್ನಲ್ಲ. ಹತ್ತಿ, ಇಳಿದು, ಮತ್ತೆ ಹತ್ತುತ್ತಿದ್ದವು.

"ಗೊತ್ತಾಗ್ತಿಲ್ಲ ಅಪ್ಪಾ," ಎಂದಳು ಒದಿಲ್. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನಿಜವಾಗ್ಲೂ ಗೊತ್ತಾಗ್ತಿಲ್ಲ."

ಅಪ್ಪ ಕ್ಯಾಪು ತಿರುಗಿಸುವುದನ್ನು ನಿಲ್ಲಿಸಿದ. ಇಂಥ ಉತ್ತರವೇ ಬರಬೇಕಿತ್ತು ಎಂಬಂತೆ ತಲೆಯಾಡಿಸಿ, ಅವಳ ಪಕ್ಕದಲ್ಲಿ ನಿಂತುಕೊಂಡ.